ಮನ್ಯಾಗ ಕಟಿಂಗ್ ಬೋರ್ಡ್ ಮಾಡ್ಬೇಕು – ಯಾವ ಕಟಗಿ, ಯಾವ ಗೋಂದು, ಮಳಿಗಾಲಕ್ಕ ಸೀಳದ ಹಂಗ ಹೆಂಗ?

ಕೋತ್ರೂಡ್_ಧಾರವಾಡದಾಂವ:

ಎಲ್ಲಾರಿಗೂ ನಮಸ್ಕಾರ್ರಿ. ನಾ ಪುಣೆ ಕೋತ್ರೂಡದಾಗ ಇರ್ತೇನಿ, ಊರು ಧಾರವಾಡ ಕಡೆ. ದಿನಾ ಕಂಪ್ಯೂಟರ್ ಮುಂದ ಕುಂತು ಕೆಲಸ, ಅದಕ್ಕ ಶನಿವಾರ ರವಿವಾರ ಕೈಲೆ ಏನರ ಮಾಡ್ಬೇಕು ಅನಸ್ತದ, ಮರಗೆಲಸ ಕಲೀಬೇಕಂತ ಭಾಳ ದಿವಸದ ಆಸೆ. ಮೊದಲಿಗೆ ಒಂದು ಕಟಿಂಗ್ ಬೋರ್ಡ್, ಅದು ಛಲೋ ಆತಂದ್ರ ಬಾಲ್ಕನಿಗೆ ಕೂಡಾಕ ಒಂದು ಸಣ್ಣ ಬೆಂಚು ಮಾಡೋ ವಿಚಾರ ಐತಿ.

ಕಟಿಂಗ್ ಬೋರ್ಡೇ ಯಾಕಂದ್ರ, ಹೋದ ವರ್ಷ ಒಂದು ಎಕ್ಸಿಬಿಷನ್‌ನಾಗ ನಮ್ಮ ಮನಿಯವರು ಒಂದು ಬೋರ್ಡ್ ತೊಗೊಂಡಿದ್ರು. ನೋಡಾಕ ಭಾಳ ಛಂದ, ಕರಿ ಬಿಳಿ ಚೌಕ ಚೌಕ ಜೋಡಿಸಿ, ಸುತ್ತಲೂ ಎರಡು ಇಂಚಿನ ಚೌಕಟ್ಟು ಹಾಕಿದ್ರು. ಮಳಿ ಹತ್ತಿದ ಮ್ಯಾಲೆ ಚೌಕಟ್ಟಿನ ಮೂಲಿ ನಾಕೂ ಬಿಟ್ಕೊಂಡ್ವು, ಮುಂದ ಮಾರ್ಚ್ ಏಪ್ರಿಲ್ ಬಿಸಲಿಗೆ ನಟ್ಟ ನಡುವ ಸೀಳು ಬಿತ್ತು. ನೀರಾಗ ನೆನಸಿಟ್ಟಿದ್ದಿಲ್ಲ, ಏನಿಲ್ಲ, ದಿನಾ ತೊಳದು ಒರಸಿ ಇಡ್ತಿದ್ದಿವಿ. ಹಂಗಾರ ಯಾಕ ಹಿಂಗಾತು? ಗೋಂದು ಹಗುರಿದ್ದೋ, ಕಟಗಿ ಹಸಿ ಇದ್ದೋ? ಇದು ತಿಳೀಲಾರದ ನಾ ಮಾಡಿದ್ದೂ ಹಂಗ ಆಗ್ತದಲ್ಲ ಅಂತ ಮೊದಲು ಕೇಳಾಕತ್ತೀನಿ.

ಇನ್ನ ಕೆಲವು ಪ್ರಶ್ನೆ. ಇಂಗ್ಲಿಷ್ ವಿಡಿಯೋದಾಗ ಎಲ್ಲಾರೂ ಮೇಪಲ್, ವಾಲ್ನಟ್, ಚೆರ್ರಿ ಅಂತಾರ, ನಮ್ಮ ಕಡೆ ಸಿಗೋ ಕಟಗಿ ಒಳಗ ಯಾವದು ಅಡಗಿ ಮನಿಗೆ ಬರ್ತದ? ಸಾಗವಾನಿ ನಡೀತದೇನು? ಫೆವಿಕಾಲ್ ಸಾಕೋ ಬೇರೆ ತರಬೇಕೋ? ನಮ್ಮವ್ವ ಶೇಂಗಾ ಎಣ್ಣಿ ಹಚ್ಚಿಬಿಡು ಅಂತಾಳ, ಅದು ಖರೇನ? ಮತ್ತ ನಂದು ಫ್ಲ್ಯಾಟು, ಟೇಬಲ್ ಸಾ ಇಡಾಕ ಜಾಗ ಇಲ್ಲ, ಸಪ್ಪಳಾ ಆದ್ರ ಕೆಳಗಿನ ಮನಿ ಅಜ್ಜಾರು ಮ್ಯಾಲ ಬರ್ತಾರ. ಮಾಡಿ ಅನುಭವ ಇದ್ದವರು ಹೇಳ್ರಿ.

ಮುಲುಂಡ್_ಆಚಾರ್ಯ:

ನಮಸ್ಕಾರ. ನಮ್ಮದು ಉಡುಪಿ ಕಡೆಯ ಆಚಾರಿಗಳ ಮನೆ, ಅಪ್ಪ ಮುಂಬೈಗೆ ಬಂದು ಇದೇ ಕೆಲಸ ಮಾಡಿದವರು, ನಾನು ಬ್ಯಾಂಕಿನಲ್ಲಿ ಇದ್ದರೂ ಉಳಿ ಬಿಟ್ಟಿಲ್ಲ. ನಿಮ್ಮ ಒಡೆದ ಬೋರ್ಡಿನ ವಿಷಯ ಮೊದಲು ಹೇಳ್ತೇನೆ, ಯಾಕೆಂದ್ರೆ ಅದು ಅರ್ಥ ಆದ್ರೆ ಉಳಿದ ಅರ್ಧ ಪ್ರಶ್ನೆಗೆ ಉತ್ತರ ಅಲ್ಲೇ ಉಂಟು.

ಗೋಂದನ್ನು ಬೈಯಬೇಡಿ. ನೀವು ಹೇಳಿದ್ದು ಕೇಳಿದ್ರೆ ಆ ಚೌಕಟ್ಟೇ ಕಾರಣ. ಮರ ಕೊಯ್ದು ಒಣಗಿಸಿದ ಮೇಲೂ ಗಾಳಿಯಲ್ಲಿರುವ ತೇವ ಎಳ್ಕೊಳ್ತದೆ, ಬಿಡ್ತದೆ, ಅದು ಅದರ ಆಯುಷ್ಯ ಪೂರ್ತಿ ನಿಲ್ಲುವುದಿಲ್ಲ. ಗಾಳಿಯ ತೇವ ನೂರಕ್ಕೆ 40 ಇದ್ದಾಗ ಮರದೊಳಗಿನ ತೇವ 7-8ಕ್ಕೆ ಬಂದು ನಿಲ್ತದೆ, 80 ಇದ್ದಾಗ 16ರ ಹತ್ತಿರ ಹೋಗ್ತದೆ. ನಿಮ್ಮ ಪುಣೆಯಲ್ಲಿ ಏಪ್ರಿಲ್ ಅಂದ್ರೆ ಒಣ ಬಿಸಿಲು, ಜುಲೈ ಅಂದ್ರೆ ಬಟ್ಟೆ ಒಣಗುವುದಿಲ್ಲ, ನಮಗೆ ಮುಂಬೈಯಲ್ಲಿ ವರ್ಷವಿಡೀ ಒದ್ದೆಯೇ, ಅದಕ್ಕೆ ನಿಜ ಹೇಳಬೇಕಾದ್ರೆ ಮರಕ್ಕೆ ಮುಂಬೈಗಿಂತ ಪುಣೆಯೇ ಕಷ್ಟ, ಏರಿಳಿತ ಅಲ್ಲಿ ಜಾಸ್ತಿ. ಈಗ ಮುಖ್ಯ ವಿಷಯ: ಮರ ಹಿಗ್ಗುವುದು ಅಡ್ಡಕ್ಕೆ, ಉದ್ದಕ್ಕೆ ಇಲ್ಲ ಅಂತಲೇ ಹೇಳಬಹುದು. ಒಳ್ಳೆ ತೇಗದ್ದೇ ಒಂದು ಅಡಿ ಅಗಲದ ಸಪಾಟ ಕೊಯ್ದ ಹಲಗೆ (ದಿಮ್ಮಿಯನ್ನು ಒಂದೇ ದಿಕ್ಕಿಗೆ ಪದರ ಪದರವಾಗಿ ಸೀಳಿದ್ದು) ತಗೊಳ್ಳಿ, ತೇವ 9ರಿಂದ 14ಕ್ಕೆ ಏರಿದ್ರೆ ಅಗಲ ಸುಮಾರು 3 ಎಂಎಂ ಜಾಸ್ತಿ ಆಗ್ತದೆ. ತೇಗ ಅಂದ್ರೆ ಅತಿ ಕಡಿಮೆ ಅಲುಗಾಡುವ ಮರಗಳಲ್ಲಿ ಒಂದು, ಅದಕ್ಕೇ ಇಷ್ಟು.

ನಿಮ್ಮ ಚೌಕದ ಬೋರ್ಡ್ ಎಂಡ್ ಗ್ರೇನ್. ಅಂದ್ರೆ ಪ್ರತಿ ತುಂಡನ್ನೂ ನೆಟ್ಟಗೆ ನಿಲ್ಲಿಸಿ ಅಂಟಿಸಿದ್ದು, ಮೇಲಿಂದ ನೋಡಿದ್ರೆ ಮರ ಕಡಿದ ಕೊರಡಿನ ತಲೆ ಕಾಣ್ತದೆ. ಅದು ನಾಲ್ಕೂ ಬದಿಗೆ ಹಿಗ್ಗುತ್ತದೆ. ಸುತ್ತ ಹಾಕಿದ ಚೌಕಟ್ಟಿನ ಪಟ್ಟಿ ಉದ್ದಕ್ಕೆ ಮಲಗಿದ್ದು, ಅದು ಒಂದು ಕೂದಲೂ ಉದ್ದ ಆಗುವುದಿಲ್ಲ. ಮಳೆಗಾಲದಲ್ಲಿ ಒಳಗಿನದು ಹೊರಗೆ ತಳ್ಳಿತು, ಮೂಲೆ ಬಿಟ್ಟಿತು. ಬೇಸಿಗೆಯಲ್ಲಿ ಒಳಗಿನದು ಕುಗ್ಗಬೇಕು, ಆದರೆ ಗೋಂದು ಅದನ್ನು ಚೌಕಟ್ಟಿಗೆ ಹಿಡಿದು ಇಟ್ಟಿದೆ, ಆಗ ಎಲ್ಲಿ ಬಲ ಕಡಿಮೆಯೋ ಅಲ್ಲಿ ಹರೀತದೆ. ಎಷ್ಟು ದುಬಾರಿ ಗೋಂದು ಹಾಕಿದ್ರೂ ಇದು ತಪ್ಪುವುದಿಲ್ಲ. ಅಂಗಡಿಯಲ್ಲಿ ಚಂದ ಕಾಣ್ತದೆ ಅಂತ ತುಂಬ ಜನ ಮಾಡ್ತಾರೆ, ನೋಡಿದ್ರೆ ನನಗೆ ಹೊಟ್ಟೆ ಉರಿಯುತ್ತದೆ, ಅಷ್ಟು ಕಷ್ಟಪಟ್ಟು ಕೊಯ್ದು ಜೋಡಿಸಿದ್ದು ಒಂದು ಮಳೆಗಾಲ ಬಾಳುವುದಿಲ್ಲ.

ಹಾಗಾಗಿ ಮೊದಲ ಬೋರ್ಡಿಗೆ ಚೌಕಟ್ಟು ಬೇಡವೇ ಬೇಡ. ಎಂಡ್ ಗ್ರೇನೂ ಬೇಡ, ಅದು ಚಾಕುವಿನ ಅಂಚಿಗೆ ಮೆದು, ಗೀರು ಅಷ್ಟಾಗಿ ಕಾಣುವುದಿಲ್ಲ ಎಲ್ಲ ಸರಿ, ಆದರೆ ಅದನ್ನು ಸಪಾಟ ಮಾಡುವುದು ಕೈಯಲ್ಲಿ ತುಂಬ ಕಷ್ಟ, ಮರ ಕೀಸುವ ಪ್ಲೇನರ್ ಮಿಷಿನಿಗೆ ತುರುಕಿದ್ರೆ ತುಂಡು ಸಿಡಿದು ಬರುವ ಅಪಾಯ ಉಂಟು. ಎಡ್ಜ್ ಗ್ರೇನ್ ಮಾಡಿ. ಒಂದೂವರೆ ಇಂಚು ದಪ್ಪದ ಸಪಾಟ ಕೊಯ್ದ ಹಲಗೆ ತಂದು ಒಂದೂವರೆ ಇಂಚು ಅಗಲದ ಪಟ್ಟಿ ಸೀಳಿ, ಪ್ರತಿ ಪಟ್ಟಿಯನ್ನೂ 90 ಡಿಗ್ರಿ ತಿರುಗಿಸಿ ಪಕ್ಕ ಪಕ್ಕ ಅಂಟಿಸುವುದು. ಹೀಗೆ ತಿರುಗಿಸಿದ್ರೆ ಮರದ ಕಡಿಮೆ ಹಿಗ್ಗುವ ದಿಕ್ಕು ಅಗಲಕ್ಕೆ ಬರ್ತದೆ, ತೇಗದಲ್ಲಿ ಆ 3 ಎಂಎಂ ಇದ್ದದ್ದು ಒಂದೂವರೆ ಎಂಎಂ ಆಗ್ತದೆ. ಖರ್ಚಿಲ್ಲದ ಲಾಭ ಇದು.

ಮರ ತಂದ ಕೂಡಲೇ ಕೊಯ್ಯಬೇಡಿ. ಮನೆಯೊಳಗೆ ಹಲಗೆ ನಡುವೆ ಸಣ್ಣ ಪಟ್ಟಿ ಇಟ್ಟು ಗಾಳಿ ಆಡುವ ಹಾಗೆ ಪೇರಿಸಿ ಇಡಿ. ಮರದ ತೇವ ಅಳೆಯುವ ಮಾಯಿಶ್ಚರ್ ಮೀಟರ್ ಇದ್ದರೆ ಒಳ್ಳೇದು, ಇಲ್ಲದಿದ್ದರೆ ಅಡಿಗೆಮನೆ ತಕ್ಕಡಿಯಲ್ಲಿ ಒಂದು ತುಂಡು ವಾರಕ್ಕೊಮ್ಮೆ ತೂಗಿ ಬರೆದಿಡಿ, ತೂಕ ಇಳಿಯುವುದು ನಿಂತಿತು ಅಂದ್ರೆ ಮರ ನಿಮ್ಮ ಮನೆಗೆ ಒಗ್ಗಿತು ಅಂತ ಲೆಕ್ಕ. ಹಸಿ ಮರ ಕೊಟ್ರೆ ಮಾತ್ರ ಹೀಗೆ ಒಣಗುವುದಿಲ್ಲ, ಒಂದು ಇಂಚು ದಪ್ಪಕ್ಕೆ ಹತ್ತಿರ ಹತ್ತಿರ ಒಂದು ವರ್ಷ ಬೇಕು ಅಂತ ನಮ್ಮಲ್ಲಿ ಲೆಕ್ಕ ಹಾಕ್ತಾರೆ.

ಯಾವ ಮರ ಅಂದ್ರೆ ನನ್ನ ಓಟು ತೇಗಕ್ಕೆ. ನೀರು, ಹುಳ ಎರಡಕ್ಕೂ ಬಗ್ಗುವುದಿಲ್ಲ. ಒಂದೇ ಎಚ್ಚರ, ತೇಗದಲ್ಲಿ ಎಣ್ಣೆ ಅಂಶ ಉಂಟು, ಅಂಟಿಸುವ ಸ್ವಲ್ಪ ಮುಂಚೆ ಆ ಮೈಯನ್ನು ಅಸಿಟೋನ್ ಹಾಕಿದ ಬಟ್ಟೆಯಲ್ಲಿ ಒರೆಸಿ, ಇಲ್ಲಾಂದ್ರೆ ಗೋಂದು ಸರಿ ಹಿಡಿಯುವುದಿಲ್ಲ.

ಮಡಗಾಂವ್_ಶಾಲ್ಮಲಾ:

ಆಚಾರ್ಯರು ಚೌಕಟ್ಟಿನ ಬಗ್ಗೆ ಹೇಳಿದ್ದು ನೂರಕ್ಕೆ ನೂರು ಸರಿ. ಆದರೆ ತೇಗದ ವಿಷಯದಲ್ಲಿ ನನಗೆ ಬೇರೆ ಅಭಿಪ್ರಾಯ ಇದೆ, ಅಣ್ಣ ಬೇಜಾರು ಮಾಡ್ಕೋಬಾರ್ದು. ನಾನು ಮೂಲ ಶಿರಸಿ ಕಡೆಯವಳು, ಈಗ ಮಡಗಾಂವಲ್ಲಿ ಮನೆ, ಮನೆ ಹಿಂದಿನ ಶೆಡ್ಡಲ್ಲಿ ಬೋರ್ಡು, ಸೌಟು, ಸಣ್ಣ ಸ್ಟೂಲು ಮಾಡ್ತೀನಿ.

ತೇಗದೊಳಗೆ ಸಿಲಿಕಾ ಇರತ್ತೆ, ಸಣ್ಣ ಮರಳಿನ ಥರದ್ದು. ಗರಗಸ, ಕೀಸುಳಿ ಬೇಗ ಮೊಂಡಾಗೋದು ಅದಕ್ಕೇನೇ. ದಿನಾ ಚಾಕು ಬೀಳೋ ಜಾಗಕ್ಕೆ ನಾನು ಅದನ್ನ ಮೊದಲ ಆಯ್ಕೆ ಮಾಡಲ್ಲ, ರೇಟು ಬೇರೆ ಜಾಸ್ತಿ, ಕಲಿಯೋರ ಕೈಗೆ ಅಷ್ಟು ದುಬಾರಿ ಮರ ಯಾಕೆ. ನಮ್ಮ ಕರಾವಳಿಲಿ ಈಳಿಗೆ ಮಣೆಗೆ, ಮರಿಗೆಗೆ ಹಿಂದಿಂದ ಹಲಸು ಬಳಸ್ತಾರೆ, ವೀಣೆ ಮೃದಂಗ ಮಾಡೋದೂ ಅದರಲ್ಲೇ. ಕೊಯ್ದಾಗ ಹಳದಿ ಇರತ್ತೆ, ವರ್ಷ ಕಳೆದ ಹಾಗೆ ಜೇನು ಬಣ್ಣ ದಾಟಿ ಕಂದು ಆಗತ್ತೆ, ಅದನ್ನ ನೋಡೋದೇ ಒಂದು ಖುಷಿ. ಮಾವು ಕೂಡ ಬರತ್ತೆ, ಅಗ್ಗ, ಗಟ್ಟಿ, ಆದರೆ ಮಾವಿಗೆ ಕುಟ್ಟೆ ಹುಳ ಬೇಗ ಹತ್ತತ್ತೆ, ಬಿಳಿ ಭಾಗ ಪೂರ್ತಿ ತೆಗೆದು ಒಳಗಿನ ಕೆಚ್ಚು ಮಾತ್ರ ತಗೋಬೇಕು. ಹುಳಕ್ಕೆ ಔಷಧಿ ಹಾಕಿದ ಮರ ಅಡಿಗೆ ಬೋರ್ಡಿಗೆ ಬೇಡ, ಅಂಗಡಿಯವರನ್ನ ಬಾಯಿ ಬಿಟ್ಟು ಕೇಳಿ. ಹುಣಸೆ ಅಂತೂ ಮಟನ್ ಅಂಗಡಿ ಕೊರಡು ನೋಡಿದ್ರೆ ಗೊತ್ತಾಗತ್ತೆ, ಎಷ್ಟು ಕತ್ತಿ ಬಿದ್ದರೂ ಪುಡಿ ಉದುರಲ್ಲ, ಆದರೆ ಅದನ್ನ ಕೈಲಿ ಕೊಯ್ಯೋಕೆ ಹೋದ್ರೆ ಭುಜ ಬಿದ್ದು ಹೋಗತ್ತೆ, ಹೊಸಬರಿಗೆ ಅಲ್ಲ. ಜಾಲಿನೂ ಅಷ್ಟೇ. ದುಡ್ಡಿಗೆ ಅಡ್ಡಿ ಇಲ್ಲ ಅಂದ್ರೆ ಸ್ಟೀಮ್ ಬೀಚ್ ಅಂತ ಆಮದು ಮರ ಪುಣೆಲೂ ಸಿಗತ್ತೆ, ಸಣ್ಣ ರಂಧ್ರ, ಬಣ್ಣ ಬಿಡಲ್ಲ, ವಾಸನೆ ಇಲ್ಲ, ಆದರೆ ಅದು ತೇಗಕ್ಕಿಂತ ಎಷ್ಟೋ ಜಾಸ್ತಿ ಹಿಗ್ಗತ್ತೆ ಕುಗ್ಗತ್ತೆ, ಒಣಗಿದ್ದು ನೋಡಿ ತಗೋಬೇಕು.

ಬೀಟೆ ಮರದ ಕರಿ ಪಟ್ಟಿ ಹಾಕಿದ್ರೆ ಚಂದ ಅಂತ ಎಲ್ಲರಿಗೂ ಆಸೆ. ಬೇಡ. ಅದರ ಪುಡಿ ಕೆಲವರಿಗೆ ಚರ್ಮಕ್ಕೆ, ಉಸಿರಿಗೆ ಅಲರ್ಜಿ ಆಗತ್ತೆ, ಕಾಡಲ್ಲಿ ಉಳಿದಿರೋದೇ ಕಡಿಮೆ, 2017ರಿಂದ ಆ ಜಾತಿ ಮರಗಳ ಅಂತಾರಾಷ್ಟ್ರೀಯ ವ್ಯಾಪಾರಕ್ಕೆ ಸೈಟಿಸ್ (ಅಳಿವಿನ ಅಂಚಿನ ಜೀವಿಗಳ ವ್ಯಾಪಾರದ ಒಪ್ಪಂದ) ನಿಯಂತ್ರಣನೂ ಇದೆ.

ಅಮ್ಮ ಹೇಳಿದ ಶೇಂಗಾ ಎಣ್ಣೆ ಬಗ್ಗೆ. ಅಮ್ಮಂದಿರು ಹೇಳೋದರಲ್ಲಿ ಕಾರಣ ಇರತ್ತೆ, ಹಿಂದೆ ಕೊಬ್ಬರಿ ಎಣ್ಣೆ ಶೇಂಗಾ ಎಣ್ಣೆ ದಿನಾ ಬಳಸಿ ದಿನಾ ತಿಕ್ಕಿ ತೊಳೀತಿದ್ರು. ಆದರೆ ಇವು ಒಣಗೋ ಎಣ್ಣೆ ಅಲ್ಲ, ಮರದೊಳಗೆ ಹಾಗೇ ಇದ್ದು ಕೆಲವು ತಿಂಗಳಲ್ಲಿ ಕಮಟು ವಾಸನೆ ಬರತ್ತೆ, ಸ್ವಲ್ಪ ಅಂಟಂಟು ಆಗತ್ತೆ. ಅದರ ಬದಲು ಮೆಡಿಕಲ್ ಶಾಪಲ್ಲಿ ಲಿಕ್ವಿಡ್ ಪ್ಯಾರಾಫಿನ್ ಐಪಿ ಅಂತ ಕೇಳಿ, ಬಣ್ಣ ವಾಸನೆ ಎರಡೂ ಇರಲ್ಲ, ಹೊಟ್ಟೆ ಕಟ್ಟಿದಾಗ ಕೊಡೋ ಅದೇ ಎಣ್ಣೆ, ಕೆಡೋದೇ ಇಲ್ಲ. ಮೆಗ್ನೀಷಿಯಾ ಬೆರೆಸಿದ ಬಿಳಿ ಸಿರಪ್ ಕೊಟ್ರೆ ವಾಪಸ್ ಕೊಡಿ, ಬರೀ ಎಣ್ಣೆ ಬೇಕು. ಸ್ವಲ್ಪ ಬೆಚ್ಚಗೆ ಮಾಡಿ ಧಾರಾಳವಾಗಿ ಸುರಿದು ಸವರಿ ರಾತ್ರಿಯಿಡೀ ಬಿಡಿ, ಬೆಳಿಗ್ಗೆ ಕುಡಿದುಬಿಟ್ಟಿರತ್ತೆ, ಇನ್ನೊಂದು ಸಲ, ಮತ್ತೊಂದು ಸಲ, ಅದು ಸಾಕು ಅನ್ನೋವರೆಗೆ. ಆಮೇಲೆ ನಾಲ್ಕು ಪಾಲು ಅದೇ ಎಣ್ಣೆಗೆ ಒಂದು ಪಾಲು ಜೇನುಮೇಣ, ಬಿಸಿನೀರಿನ ಪಾತ್ರೆಯೊಳಗೆ ಇನ್ನೊಂದು ಪಾತ್ರೆ ಇಟ್ಟು ಕರಗಿಸಿ, ಆರಿದ ಮೇಲೆ ಬೆಣ್ಣೆ ಥರ ಆಗತ್ತೆ, ಅದನ್ನ ಸವರಿ ತಿಕ್ಕಿ. ನೇರ ಉರಿ ಮೇಲೆ ಇಡಬಾರ್ದು.

ಅಗಸೆ ಎಣ್ಣೆ ಹಚ್ಚೋರು ಇದ್ದಾರೆ, ಅದು ನಿಜವಾಗ್ಲೂ ಒಣಗತ್ತೆ. ಆದರೆ ಹಾರ್ಡ್‌ವೇರ್ ಅಂಗಡಿಲಿ ಸಿಗೋ ಬಾಯ್ಲ್ಡ್ ಅಂತ ಬರೆದಿರೋದಕ್ಕೆ ಬೇಗ ಒಣಗಲಿ ಅಂತ ಲೋಹದ ಲವಣ ಸೇರಿಸಿರ್ತಾರೆ, ಅಡಿಗೆ ಮನೆಗೆ ಅದು ಬೇಡ. ಮತ್ತೆ ಯಾವ ಅಗಸೆ ಎಣ್ಣೆನೇ ಆಗಲಿ, ಒರೆಸಿದ ಬಟ್ಟೆನ ಮುದ್ದೆ ಮಾಡಿ ಮೂಲೆಗೆ ಎಸೆದ್ರೆ ಒಣಗುವಾಗ ತಾನೇ ಕಾವೇರಿ ಬೆಂಕಿ ಹತ್ತಬಹುದು. ಇದನ್ನ ದಯವಿಟ್ಟು ಎಲ್ಲರೂ ನೆನಪಿಡಿ. ಹರಡಿ ಹೊರಗೆ ಒಣಗಿಸಿ ಇಲ್ಲ ನೀರಲ್ಲಿ ಮುಳುಗಿಸಿಡಿ.

ಕೋತ್ರೂಡ್_ಧಾರವಾಡದಾಂವ:

ಆಚಾರ್ಯ ಸರ್, ಶಾಲ್ಮಲಾ ಅಕ್ಕಾರ, ಇಷ್ಟು ಬಿಡಿಸಿ ಹೇಳಿದ್ದಕ್ಕ ಭಾಳ ಥ್ಯಾಂಕ್ಸ್ ರೀ. ಚೌಕಟ್ಟಿನ ಮಾತು ಓದಿ ಆ ಹಳೇ ಬೋರ್ಡ್ ತಗದು ನೋಡಿದೆ, ನೀವು ಹೇಳಿದಂಗ ಚೌಕಟ್ಟಿನ ಪಟ್ಟಿ ಹಂಗ ಅದಾವ, ಮೂಲಿ ಮತ್ತ ಒಳಗಿಂದು ಮಾತ್ರ ಬಿಟ್ಟಾವ. ನಮ್ಮವ್ವಗ ಎಣ್ಣಿ ವಿಷಯ ಹೇಳಿದ್ರ ಔಷಧಿ ಅಂಗಡಿ ಎಣ್ಣಿ ಕಟಗಿಗ್ಯಾಕ ಅಂತ ಇನ್ನೂ ನಂಬವಲ್ಲಳು.

ಇನ್ನೊಂದು ಆಕಿದ ಪ್ರಶ್ನೆ, ಕಟಗಿ ಬೋರ್ಡಿನಾಗ ಕ್ರಿಮಿ ಉಳೀತಾವ, ಪ್ಲಾಸ್ಟಿಕ್ ಛಲೋ ಅಂತ ಟಿವಿಯೊಳಗ ಹೇಳಿದ್ರಂತ, ಖರೇನ್ರಿ? ಮತ್ತ ಗೋಂದು ಮತ್ತ ಹತಾರದ ಬಗ್ಗೆ ಯಾರರ ಹೇಳ್ರಿ. ಪುಣೆಯೊಳಗ ಕಟಗಿ ಎಲ್ಲಿ ತರಬೇಕು ಅನ್ನೂದೂ.

ಚಿಂಚವಡ_ಮೆಕ್ಯಾನಿಕಲ್:

ಹಾಯ್ ಸರ್, ಪಕ್ಕದ ಊರಿನವನೇ ನಾನು, ಮೂಲ ತುಮಕೂರು. ಪುಣೆ ವಿಷಯ ನಾನು ಹೇಳ್ತೀನಿ.

ಮರಕ್ಕೆ ಭವಾನಿ ಪೇಠಲ್ಲಿರೋ ಟಿಂಬರ್ ಮಾರ್ಕೆಟ್‌ಗೆ ಹೋಗಿ. ಅಲ್ಲಿ ರೇಟು ಹೇಳೋದು ಸಿಎಫ್‌ಟಿ ಲೆಕ್ಕದಲ್ಲಿ, ಅಂದ್ರೆ ಘನ ಅಡಿ. ಇಂಚಲ್ಲಿ ಉದ್ದ ಅಗಲ ದಪ್ಪ ಗುಣಿಸಿ 1728ರಿಂದ ಭಾಗಿಸಿದ್ರೆ ಬರತ್ತೆ. ನಿಮಗೆ 18 ಇಂಚು ಉದ್ದ 12 ಇಂಚು ಅಗಲ ಒಂದೂವರೆ ಇಂಚು ದಪ್ಪದ ಬೋರ್ಡು ಅಂದ್ರೆ 0.19 ಸಿಎಫ್‌ಟಿ ಆಗತ್ತೆ, ಗರಗಸದ ಪುಡಿ, ಕೀಸಿದ್ದು, ಗಂಟು ಬಂದ ಜಾಗ ಎಲ್ಲ ಸೇರಿ ಕಾಲು ಸಿಎಫ್‌ಟಿಗಿಂತ ಸ್ವಲ್ಪ ಜಾಸ್ತಿ ಹಿಡ್ಕೊಳ್ಳಿ. ಇಷ್ಟು ಕಮ್ಮಿ ಮರಕ್ಕೆ ದೊಡ್ಡ ಅಂಗಡಿಯವರು ತಲೆ ಕೆಡಿಸ್ಕೊಳ್ಳಲ್ಲ, ಛೋಟಾ ತುಕಡಾ ಇದ್ದರೆ ಕೊಡಿ ಅಂತ ಕೇಳಿ, ಬಾಗಿಲು ಕಿಟಕಿ ಮಾಡಿ ಉಳಿದ ತುಂಡು ಬೇಕಾದಷ್ಟು ಬಿದ್ದಿರತ್ತೆ. ಮರಾಠಿ ಹೆಸರು ಗೊತ್ತಿರಲಿ, ಹಲಸು ಅಂದ್ರೆ ಫಣಸ್, ಮಾವು ಆಂಬಾ, ಜಾಲಿ ಬಾಭೂಳ್, ತೇಗ ಸಾಗ್. ಮುಖ್ಯವಾಗಿ ಅಲ್ಲೇ ಮಿಲ್ಲಲ್ಲಿ ಪಟ್ಟಿ ಸೀಳಿಸಿ ನಾಲ್ಕೂ ಮುಖ ರಂಧಾ (ಕೀಸುಳಿ) ಹೊಡೆಸ್ಕೊಂಡು ಬನ್ನಿ, ಸ್ವಲ್ಪ ದುಡ್ಡು ತಗೋತಾರೆ, ಆದರೆ ನಿಮ್ಮ ಟೇಬಲ್ ಸಾ ಸಮಸ್ಯೆ ಅಲ್ಲಿಗೇ ಮುಗೀತು. ಆಚಾರ್ಯ ಸರ್ ಹೇಳಿದ ಹಾಗೆ ಮರ ಒಗ್ಗೋಕೆ ಬಿಡಬೇಕು ಅಂತಿದ್ರೆ ಬೇಕಾದ್ದಕ್ಕಿಂತ 3-4 ಎಂಎಂ ದಪ್ಪ ಸೀಳಿಸಿ ತಂದು ಇಡಿ, ಒಗ್ಗಿದ ಮೇಲೆ ರಂಧಾ ಹೊಡೆಸೋಕೆ ಇನ್ನೊಂದು ಸಲ ಹೋಗಿ, ಆ ಓಡಾಟ ಬೇಜಾರು ಮಾಡ್ಕೋಬೇಡಿ.

ಹಳೇ ಸಾಮಾನು ಮಾರೋ ಜುನಾ ಬಜಾರ್‌ಲಿ ಹಳೇ ವಾಡೆ (ದೊಡ್ಡ ಮನೆ) ಕೆಡವಿದ ಸಾಗ್ ಸಿಗತ್ತೆ, ತುಂಬಾ ಚೆನ್ನಾಗಿ ಒಣಗಿದ ಮರ, ಬೆಂಚಿಗೆ ಕಣ್ಣು ಮುಚ್ಚಿ ತಗೊಳ್ಳಿ. ಒಳಗೆ ಮೊಳೆ ಇರತ್ತೆ, ಅಯಸ್ಕಾಂತ ಆಡಿಸಿ ನೋಡಿ. ಆದರೆ ಪೇಂಟ್ ಬಳಿದ ಹಳೇ ಮರ ಕಟಿಂಗ್ ಬೋರ್ಡಿಗೆ ಬೇಡ, ಹಳೇ ಪೇಂಟಲ್ಲಿ ಸೀಸ ಇರತ್ತೆ, ಮನೆ ಪೇಂಟಲ್ಲಿ 90 ಪಿಪಿಎಂ ಮೀರಬಾರದು ಅನ್ನೋ ನಿಯಮ ನಮ್ಮಲ್ಲಿ ಜಾರಿಗೆ ಬಂದಿದ್ದೇ 2017ರಲ್ಲಿ. ಅದನ್ನ ಸ್ಯಾಂಡ್ ಮಾಡಿ ಧೂಳು ಕುಡಿಯೋದೂ ಅಪಾಯ. ಭೋಸರಿ, ಚಾಕಣ ಕಡೆ ಫ್ಯಾಕ್ಟರಿ ಪ್ಯಾಲೆಟ್ (ಸಾಮಾನು ಪೇರಿಸೋ ಮರದ ಅಡಿಹಲಗೆ) ಪೈನ್ ಮರ ಅಗ್ಗ, ಕೈ ಪಳಗಿಸೋಕೆ ಅದಕ್ಕಿಂತ ಒಳ್ಳೇದಿಲ್ಲ, ಮೇಲೆ ಒತ್ತಿರೋ ಮುದ್ರೆ ನೋಡಿ, ಎಚ್‌ಟಿ ಅಂತಿದ್ದರೆ ಬಿಸಿ ಮಾಡಿ ಹುಳ ಕೊಂದಿದ್ದು, ಎಂಬಿ ಅಂತಿದ್ದರೆ ಮಿಥೈಲ್ ಬ್ರೋಮೈಡ್ ವಿಷ ಹೊಗೆ ಹಾಕಿದ್ದು, ಅದನ್ನ ಮನೆಗೆ ತರಬೇಡಿ.

ಹತಾರ: ಒಂದು ಜಪಾನಿ ಎಳೆಯೋ ಗರಗಸ, ಸದ್ದು ಕಮ್ಮಿ, ಗೆರೆ ಸಣ್ಣ. ಒಂದು ಒಳ್ಳೇ ಕಬ್ಬಿಣದ ರಂಧಾ, ನಾಲ್ಕನೇ ನಂಬರ್ ಸೈಜು. ಒಂದು ಗುನ್ಯಾ, ಮೂಲೆ ನೇರ ಇದೆಯಾ ಅಂತ ನೋಡೋ ಮಟ್ಟ. ಕ್ಲ್ಯಾಂಪು ನಾಲ್ಕು, ಇದರಲ್ಲಿ ದುಡ್ಡು ಉಳಿಸಬೇಡಿ. ಉಳಿ ಸಾಣೆ ಹಿಡಿಯೋ ಕಲ್ಲು. ಆಮೇಲೆ ಬೇಕಾದ್ರೆ ರ್‍ಯಾಂಡಮ್ ಆರ್ಬಿಟ್ ಸ್ಯಾಂಡರ್, ಮರ ಉಜ್ಜೋ ಮಿಷಿನ್. ಮಧ್ಯಾಹ್ನ ಒಂದರಿಂದ ನಾಲ್ಕು ಮಿಷಿನ್ ಹಚ್ಚಬೇಡಿ, ಪುಣೆಲಿ ಆ ಹೊತ್ತಿಗೆ ಅಂಗಡಿಯವರೇ ಮಲಗ್ತಾರೆ, ಕೆಳಗಿನ ಮನೆ ಅಜ್ಜಂಗೆ ಅದು ಬೇಕೇ ಬೇಕು. ಮೊದಲ ಬೋರ್ಡಲ್ಲಿ ಒಂದು ಅವರಿಗೇ ಕೊಡಿ ಅಂತ ನನ್ನ ಸಲಹೆ.

ಒಂದು ವಿಷಯ ಜೋರಾಗಿ ಹೇಳ್ತೀನಿ. ನಾಲ್ಕು ಇಂಚಿನ ಆಂಗಲ್ ಗ್ರೈಂಡರ್‌ಗೆ ಮರ ಕೊಯ್ಯೋ ಹಲ್ಲಿನ ಬ್ಲೇಡ್ ಹಾಕೋದು ನಮ್ಮ ಕಡೆ ಎಲ್ಲ ಸೈಟಲ್ಲೂ ನೋಡಿರ್ತೀರ. ದಯವಿಟ್ಟು ಮಾಡಬೇಡಿ. ಅದು ನಿಮಿಷಕ್ಕೆ 11 ಸಾವಿರ ಸುತ್ತು ತಿರುಗತ್ತೆ, ಹಲ್ಲು ಮರಕ್ಕೆ ಸಿಕ್ಕಿಬಿದ್ದರೆ ಇಡೀ ಮಿಷಿನ್ ಮುಖದ ಕಡೆ ಹಾರತ್ತೆ, ತಡೆಯೋಕೆ ಟೈಮೇ ಇರಲ್ಲ. ಬೆರಳು, ಕತ್ತು ಹೋದವರು ಇದ್ದಾರೆ. ತಿರುಗೋ ಬ್ಲೇಡ್ ಹತ್ತಿರ ಬಟ್ಟೆ ಗ್ಲೌಸೂ ಬೇಡ, ಸಿಕ್ಕಿ ಕೈ ಎಳ್ಕೊಳ್ಳತ್ತೆ.

ಧೂಳು ಬಗ್ಗೆನೂ. ಮರದ ಪುಡಿ ತಾನೇ ಅಂತ ಬಿಡಬೇಡಿ, ಗಟ್ಟಿ ಮರಗಳ ಧೂಳನ್ನ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 1995ರಲ್ಲೇ ಕ್ಯಾನ್ಸರ್ ತರೋ ವಸ್ತು ಅಂತ ಮೊದಲ ಗುಂಪಿಗೆ ಸೇರಿಸಿದೆ. ವರ್ಷಗಟ್ಟಲೆ ಕುಡಿಯೋರಿಗೆ ಅಪಾಯ ಅದು, ಆದರೂ ಎನ್95 ಹಾಕೋಕೆ ಏನು ಕಷ್ಟ. ಬಾಲ್ಕನಿಲಿ ಸ್ಯಾಂಡ್ ಮಾಡಿ, ಮನೆ ಬಾಗಿಲು ಮುಚ್ಚಿ.

ಮಡಗಾಂವ್_ಶಾಲ್ಮಲಾ:

ಕ್ರಿಮಿ ಪ್ರಶ್ನೆಗೆ ನಾನು ಉತ್ತರ ಕೊಡ್ತೀನಿ, ಇದು ನನ್ನ ಇಷ್ಟದ ವಿಷಯ. ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಲ್ಲಿ ಡೀನ್ ಕ್ಲೈವರ್ ಅಂತ ವಿಜ್ಞಾನಿ ಮತ್ತೆ ಅವರ ಜೊತೆಯವರು ಮರದ ಬೋರ್ಡು ಪ್ಲಾಸ್ಟಿಕ್ ಬೋರ್ಡು ಎರಡರ ಮೇಲೂ ಬ್ಯಾಕ್ಟೀರಿಯಾ ಹಾಕಿ ನೋಡಿ 1994ರಲ್ಲಿ ಪ್ರಕಟಿಸಿದ್ರು. ಪ್ಲಾಸ್ಟಿಕ್ಕೇ ಗೆಲ್ಲತ್ತೆ ಅನ್ನೋದು ಎಲ್ಲರ ನಂಬಿಕೆ ಆಗಿತ್ತು, ಫಲಿತಾಂಶ ಹಾಗೆ ಬರ್ಲಿಲ್ಲ. ಮರ ತೇವ ಎಳ್ಕೊಂಡಾಗ ಬ್ಯಾಕ್ಟೀರಿಯಾನೂ ಒಳಗೆ ಹೋಗತ್ತೆ, ಅಲ್ಲಿ ಹೆಚ್ಚಾಗಲ್ಲ, ಕಮ್ಮಿ ಆಗ್ತಾ ಹೋಗತ್ತೆ, ಮೇಲ್ಮೈಗೆ ಸುಲಭಕ್ಕೆ ವಾಪಸ್ ಬರಲ್ಲ. ಪ್ಲಾಸ್ಟಿಕ್ ಹೊಸದಿದ್ದಾಗ ತೊಳೆದ್ರೆ ಸ್ವಚ್ಛ, ಆದರೆ ಚಾಕು ಗೀರು ಬಿದ್ದ ಮೇಲೆ ಗೀರಿನೊಳಗೆ ಕೂತಿರೋದನ್ನ ಕೈಲಿ ತೊಳೆದು ತೆಗೆಯೋದು ಕಷ್ಟ. ಅಂದ್ರೂ ಮೀನು, ಕೋಳಿಗೆ ಬೇರೆ ಬೋರ್ಡೇ ಇಟ್ಕೊಳ್ಳಿ, ನಮ್ಮ ಮನೇಲಿ ಮೀನಿನ ಬೋರ್ಡಿಗೆ ತರಕಾರಿ ಮುಟ್ಟಿಸಲ್ಲ.

ತೊಳೆಯೋದರಲ್ಲೂ ಒಂದು ಕ್ರಮ ಇದೆ. ಮೇಲಿನ ಮೈ ಮಾತ್ರ ನೀರು ಹಾಕಿ ತೊಳೆದು ಒದ್ದೆ ಗ್ರಾನೈಟ್ ಕಟ್ಟೆ ಮೇಲೆ ಮಲಗಿಸಿಟ್ರೆ ಒಂದು ಬದಿ ಹಿಗ್ಗಿ ಇನ್ನೊಂದು ಬದಿ ಹಾಗೇ ಉಳಿದು ಬೋರ್ಡು ಬಾಗತ್ತೆ. ಎರಡೂ ಬದಿ ತೊಳೀಬೇಕು, ಒರೆಸಿ ಅಂಚಿನ ಮೇಲೆ ನಿಲ್ಲಿಸ್ಬೇಕು. ಕೆಳಗೆ ನಾಲ್ಕು ರಬ್ಬರ್ ಕಾಲು ಸ್ಟೀಲ್ ಸ್ಕ್ರೂ ಹಾಕಿ ಕೂರಿಸಿ, ಗಾಳಿ ಆಡತ್ತೆ, ಜಾರೋದೂ ಇಲ್ಲ. ಈರುಳ್ಳಿ ಬೆಳ್ಳುಳ್ಳಿ ವಾಸನೆ ಬಂದ್ರೆ ಕಲ್ಲುಪ್ಪು ಉದುರಿಸಿ ಅರ್ಧ ನಿಂಬೆಹಣ್ಣಲ್ಲಿ ತಿಕ್ಕಿ. ಅಮ್ಮಂಗೆ ಇದು ಹೇಳಿ, ಇದನ್ನ ಅವರು ಒಪ್ತಾರೆ.

ಮುಲುಂಡ್_ಆಚಾರ್ಯ:

ಸಿಲಿಕಾದ ಮಾತು ಒಪ್ಪಿದೆ ಶಾಲ್ಮಲಾ, ಹಲಸು ಮೊದಲ ಬೋರ್ಡಿಗೆ ಒಳ್ಳೆ ಆಯ್ಕೆಯೇ, ಒಣಗಿದ್ದು ಸಿಕ್ಕಿದ್ರೆ ಅದನ್ನೇ ತಗೊಳ್ಳಿ. ತೇಗ ನಾನು ಬೆಂಚಿಗೆ ಇಡ್ತೇನೆ, ಬಾಲ್ಕನಿಯಲ್ಲಿ ಮಳೆ ಎರಚುವ ಜಾಗಕ್ಕೆ ಅದನ್ನು ಬಿಟ್ಟು ಬೇರೆ ಬೇಡ.

ಗೋಂದು ಉಳಿಯಿತು. ಸಾದಾ ಎಸ್‌ಎಚ್ ಫೆವಿಕಾಲ್ ಕಪಾಟಿಗೆ, ಮಂಚಕ್ಕೆ ತುಂಬ ಒಳ್ಳೇದು, ಆದರೆ ದಿನಾ ನೀರು ಬೀಳುವ ಜಾಗಕ್ಕೆ ಅದು ಅಲ್ಲ. ಬೆಂಚಿಗೆ ಫೆವಿಕಾಲ್ ಮರೀನ್ ಹಾಕಿ. ಬೋರ್ಡಿಗೆ ನಾನು ಬಳಸುವುದು ಟೈಟ್‌ಬಾಂಡ್ 3, ನೀರು ತಡೀತದೆ, ಒಣಗಿದ ಮೇಲೆ ಆಹಾರ ತಾಗಿದ್ರೆ ತೊಂದರೆ ಇಲ್ಲ ಅಂತ ಅಮೆರಿಕದ ಆಹಾರ ಔಷಧ ಇಲಾಖೆ ಎಫ್‌ಡಿಎ ನಿಯಮಕ್ಕೆ ಹೊಂದಿದ್ದು. ಹಚ್ಚಿ ಬಿಗಿಯಲು ಹತ್ತು ನಿಮಿಷಕ್ಕಿಂತ ಜಾಸ್ತಿ ಸಿಗುವುದಿಲ್ಲ, ನಮ್ಮ ಸೆಕೆಗೆ ಇನ್ನೂ ಕಡಿಮೆ. ಅದಕ್ಕೆ ಗೋಂದಿಲ್ಲದೆ ಒಮ್ಮೆ ಎಲ್ಲ ಪಟ್ಟಿ ಜೋಡಿಸಿ ಕ್ಲ್ಯಾಂಪ್ ಬಿಗಿದು ನೋಡಿ, ಬೆಳಕಿಗೆ ಹಿಡಿದ್ರೆ ಸಂದಿಯಲ್ಲಿ ಬೆಳಕು ಕಾಣಬಾರದು, ಕಂಡರೆ ರಂಧಾ ಹೊಡೆದು ಸರಿ ಮಾಡಿ. ಕ್ಲ್ಯಾಂಪ್ ಜೋರು ಬಿಗಿದು ಸಂದಿ ಮುಚ್ಚಿಸಬೇಡಿ, ಆ ಒತ್ತಡ ಒಳಗೇ ಕೂತಿರ್ತದೆ, ಒಂದು ದಿನ ಬಿಟ್ಟುಕೊಳ್ತದೆ. ಕ್ಲ್ಯಾಂಪನ್ನು ಒಂದು ಮೇಲಿಂದ ಒಂದು ಕೆಳಗಿಂದ ಹಾಕಿ, ಎಲ್ಲ ಒಂದೇ ಬದಿಗೆ ಹಾಕಿದ್ರೆ ಬೋರ್ಡ್ ಬಿಲ್ಲಾಗ್ತದೆ. ಅಂಚಿನಲ್ಲಿ ಗೋಂದು ಸಣ್ಣ ಮಣಿ ಮಣಿಯಾಗಿ ಹೊರಗೆ ಬಂದ್ರೆ ಸರಿ ಹಾಕಿದ್ದೀರಿ ಅಂತ. ಒಂದು ದಿನ ಪೂರ್ತಿ ಮುಟ್ಟಬೇಡಿ.

ಉಜ್ಜುವಾಗ 80 ನಂಬರ್ ಮರಳು ಕಾಗದದಿಂದ ಶುರು, 120, 180, 220. ಮಧ್ಯ ಒಂದು ಬಿಟ್ಟು ಹಾರಿದ್ರೆ ಹಿಂದಿನ ಗೀರು ಎಣ್ಣೆ ಹಚ್ಚಿದ ಮೇಲೆ ಎದ್ದು ಕಾಣ್ತದೆ. 220 ಆದ ಮೇಲೆ ಒದ್ದೆ ಬಟ್ಟೆಯಲ್ಲಿ ಒರೆಸಿ ಒಣಗಲು ಬಿಡಿ, ಮರದ ರೋಮ ಏಳ್ತದೆ, ಅದನ್ನು ಹಗುರಕ್ಕೆ 220ರಲ್ಲೇ ಉಜ್ಜಿ, ಇದನ್ನು ಎರಡು ಸಲ ಮಾಡಿದ್ರೆ ಮನೆಯಲ್ಲಿ ಮೊದಲ ಸಲ ತೊಳೆದಾಗ ಬೋರ್ಡ್ ಒರಟಾಗುವುದಿಲ್ಲ. ತುಂಬ ಜನ ಇದನ್ನು ಬಿಡ್ತಾರೆ.

ಬೆಂಚಿಗೂ ಅದೇ ಹಿಗ್ಗುವ ಲೆಕ್ಕ. ಎರಡು ಅಡಿ ಅಗಲದ ಹಲಗೆ ಮಳೆಗಾಲಕ್ಕೆ 5-6 ಎಂಎಂ ಆಚೀಚೆ ಆಗ್ತದೆ, ನಿಮ್ಮ ಬೆಂಚು ಅಡಿಯಗಲ ಅಂದ್ರೂ 3. ಮೇಲಿನ ಹಲಗೆಯನ್ನು ಕೆಳಗಿನ ಚೌಕಟ್ಟಿಗೆ ಗೋಂದು ಹಾಕಿ ಅಂಟಿಸಬಾರದು. ಕೆಳಗಿನಿಂದ ಸ್ಕ್ರೂ ಹಾಕಿ, ಚೌಕಟ್ಟಿನ ತೂತನ್ನು ಹಲಗೆಯ ಅಗಲದ ದಿಕ್ಕಿಗೆ ಉದ್ದುದ್ದ ಕೊರೆಯಿರಿ, ಸ್ಕ್ರೂ ಅದರೊಳಗೆ ಜಾರ್ತಾ ಇರಲಿ. ನಡುವಿನ ಒಂದು ಸ್ಕ್ರೂ ಮಾತ್ರ ಗಟ್ಟಿ. ಕಾಲಿಗೆ ಮಾರ್ಟಿಸ್ ಟೆನನ್ ಮಾಡಿ, ಅಂದ್ರೆ ಒಂದು ಮರದ ತೂತಿಗೆ (ಮಾರ್ಟಿಸ್) ಇನ್ನೊಂದರ ತುದಿಯ ನಾಲಿಗೆ (ಟೆನನ್) ಕೂರಿಸುವ ಜೋಡಣೆ, ಟೆನನ್ ದಪ್ಪ ಮರದ ದಪ್ಪದ ಮೂರನೇ ಒಂದು ಭಾಗ ಇರಲಿ, ಮೊದಲು ಉಳಿಯಲ್ಲಿ ತೂತು, ಆಮೇಲೆ ಆ ತೂತಿಗೆ ಸರಿಯಾಗಿ ಟೆನನ್ ಕೊಯ್ಯುವುದು. ಉಲ್ಟಾ ಮಾಡಿದ್ರೆ ತೂತನ್ನು ಸಣ್ಣ ಮಾಡಲಿಕ್ಕೆ ಆಗುವುದಿಲ್ಲ ಅಲ್ವಾ.

ಕೋತ್ರೂಡ್_ಧಾರವಾಡದಾಂವ:

ಸರ್, ಎಲ್ಲಾ ಬರ್ಕೊಂಡೆ. ಈ ಶನಿವಾರ ಭವಾನಿ ಪೇಠಕ್ಕ ಹೋಗಿ ಫಣಸ್ ತುಕಡಾ ಕೇಳ್ತೇನಿ, 3-4 ಎಂಎಂ ದಪ್ಪನೇ ಸೀಳಿಸಿ ತಂದು ದಿವಾನದ ಕೆಳಗ ಪೇರಿಸಿ ಇಡ್ತೇನಿ, ತೂಕ ವಾರಕ್ಕೊಮ್ಮೆ ಬರದಿಡ್ತೇನಿ. ಒಂದೇ ಡೌಟು, ಆ ಹಳೇ ಒಡದ ಬೋರ್ಡ್ ರಿಪೇರಿ ಆಗ್ತದೇನ್ರಿ? ಮನಿಯವರಿಗೆ ಅದರ ಮ್ಯಾಲೆ ಭಾಳ ಜೀವ.

ಮುಲುಂಡ್_ಆಚಾರ್ಯ:

ಆಗ್ತದೆ. ಸುತ್ತಲಿನ ಚೌಕಟ್ಟನ್ನು ಅಂಟಿನ ಗೆರೆಯ ಒಳಗಿಂದ ಕೊಯ್ದು ಪೂರ್ತಿ ತೆಗೆಯಿರಿ. ಸೀಳು ಚೌಕಗಳ ಸಂದಿಯಲ್ಲೇ ಬಿದ್ದಿದ್ರೆ ಆ ಗೆರೆಯಲ್ಲಿ ಎರಡು ತುಂಡು ಮಾಡಿ, ಹಳೇ ಗೋಂದು ರಂಧಾದಲ್ಲಿ ತೆಗೆದು ಹೊಸದಾಗಿ ಅಂಟಿಸಿ. ಚೌಕದ ಮೈಯಲ್ಲೇ ಸೀಳಿದ್ರೆ ಆ ಸಾಲು ಒಂದನ್ನು ಬಿಟ್ಟು ಉಳಿದದ್ದನ್ನು ಜೋಡಿಸಿ, ಬೋರ್ಡ್ ಸ್ವಲ್ಪ ಸಣ್ಣ ಆಗ್ತದೆ ಅಷ್ಟೇ. ಎಣ್ಣೆ ಕುಡಿದ ಮರ ಆದ ಕಾರಣ ಅಂಟಿಸುವ ಮೊದಲು ಅಸಿಟೋನಿನಲ್ಲಿ ಚೆನ್ನಾಗಿ ಒರೆಸಲೇಬೇಕು. ಬಿಚ್ಚಿದ ಮೇಲೆ ಎರಡೂ ತುಂಡಿನ ಫೋಟೋ ಹಾಕಿ, ನೋಡಿ ಎಲ್ಲಿ ಕೊಯ್ಯುವುದು ಅಂತ ಗುರುತು ಮಾಡಿ ಕೊಡ್ತೇನೆ.